ಸೊಂಟದ ಆರನೆಯ ಮೂಳೆ

"ಶರ್ಟ್ ತೆಗೆದು, ಗೋಡೆ ಕಡೆ ಮುಖ ಮಾಡಿ ಮಲಗಿ."

ದಿನಕ್ಕೆ ನಲವತ್ತು ಸಲ ಹೇಳುವ ಮಾತು. ಯಂತ್ರ ಹೊಂದಿಸಿ ತಿರುಗಿದ ಎಕ್ಸ್‌ರೇ ಹುಡುಗಿ ಹಾಗೇ ನಿಂತುಬಿಟ್ಟಳು. ಎಡ ಭುಜದ ಕೆಳಗೆ ಆ ಸುಟ್ಟ ಕಲೆ... ಮದುವೆ ನಿಶ್ಚಯವಾಗಿದ್ದವನ ಬೆನ್ನು ಮರೆತುಹೋಗುತ್ತದೆಯೇ!

"ನೀನಾ...! ಎದ್ದು ಹೋಗು."

"ಹೇಳಿ ಹೋಗ್ತೀನಿ. ನೀನು ಫೋನ್ ಎತ್ತಲ್ಲ. ಬೆನ್ನು ನೋವು ಅಂತ ಚೀಟಿ ಬರೆಸ್ಕೊಂಡು ಬರಬೇಕಾಯ್ತು."

ಮೂರು ವರ್ಷದ ಹಿಂದೆ ಇಬ್ಬರದೂ ಒಂದೇ ಆಸ್ಪತ್ರೆ. ಅವನು ಬೆನ್ನೆಲುಬಿನ ಡಾಕ್ಟರು. ಅಲ್ಲಿ ಒಬ್ಬ ಡ್ರೈವರಿಗೆ ಆಪರೇಷನ್ ಆಗಬೇಕಿತ್ತು. ಕುತ್ತಿಗೆಗೆ ಏಳು, ಎದೆಯ ಹಿಂದೆ ಹನ್ನೆರಡು ಎಂದು ಮೇಲಿನಿಂದ ಎಣಿಸುತ್ತಾ ಬಂದು, ಕೆಟ್ಟಿರುವುದು ಸೊಂಟದ ಮೂರನೆಯ ಮೂಳೆ ಎಂದು ಇವಳು ಬರೆದುಕೊಟ್ಟಳು. ಸೊಂಟಕ್ಕೆ ಐದೇ ಮೂಳೆ ತಾನೇ, ಮೂರನೆಯದು ನಟ್ಟನಡುವಿನದು, ಎತ್ತಲಿಂದ ಎಣಿಸಿದರೂ ಒಂದೇ! ಅವನು ಕೆಳಗಿನಿಂದ ಎಣಿಸಿ ಕೊಯ್ದ. ತಪ್ಪು ಮೂಳೆ. ಪಾಪ, ಡ್ರೈವರು ಎರಡನೇ ಸಲ ಕೊಯ್ಸಿಕೊಳ್ಳಬೇಕಾಯಿತು.

ಬೆನ್ನಿಗೆ ನಿಲ್ಲುತ್ತೇನೆ ಎಂದಿದ್ದವನು ವಿಚಾರಣೆಯ ದಿನ ಬೆನ್ನು ತೋರಿಸಿದ. "ಅವಳಿಗೆ ಎಣಿಸೋಕೆ ಬರಲ್ಲ" ಎಂದುಬಿಟ್ಟ. ಇವಳ ಕೆಲಸ ಹೋಯಿತು, ಮದುವೆ ಮುರಿಯಿತು.

"ಆ ಡ್ರೈವರಿಗೆ ಹುಟ್ಟಿನಿಂದ ಸೊಂಟದಲ್ಲಿ ಆರು ಮೂಳೆ ಕಣೇ... ಅಪರೂಪಕ್ಕೆ ಕೆಲವರಿಗಿರುತ್ತೆ. ಮೇಲಿನಿಂದ ಮೂರನೆಯದು ಕೆಳಗಿನಿಂದ ನಾಲ್ಕನೆಯದಾಗುತ್ತೆ. ನಿನ್ನ ಎಣಿಕೆ ಸರಿಯಾಗೇ ಇತ್ತು."

"ಯಾವಾಗ ಗೊತ್ತಾಯ್ತು?"

ಅವನು ಗೋಡೆಯನ್ನೇ ನೋಡುತ್ತಿದ್ದ. "ಒಂದು ತಿಂಗಳಿಗೇ."

ಅವಳು ಯಂತ್ರವನ್ನು ಆಚೆ ತಳ್ಳಿದಳು.

"ನಮ್ಮಪ್ಪ ಲೆಕ್ಕದ ಮೇಷ್ಟ್ರು! ಮಗಳಿಗೆ ಎಣಿಸೋಕೆ ಬರಲ್ಲ ಅಂತ ನಂಬ್ಕೊಂಡೇ ಕಣ್ಣು ಮುಚ್ಚಿದ್ರು. ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?"

"ಹೆದರಿದ್ದೆ... ಸೋಮವಾರ ವಿಚಾರಣೆ ಮಾಡಿದವರಿಗೆ ಎಲ್ಲಾ ಬರೆದುಕೊಟ್ಟೆ. ಇನ್ಮೇಲೆ ನಾನು ಆಪರೇಷನ್ ಮಾಡೋ ಹಾಗಿಲ್ಲ."

ಹಾಳಾಗಿ ಹೋಗಲಿ ಎಂದುಕೊಂಡಳು. ಮೂರು ವರ್ಷ ದಿನಾ ಶಾಪ ಹಾಕಿದ್ದಳು, ಅವನನ್ನು ಒಂದು ದಿನವೂ ಮರೆತಿರಲಿಲ್ಲ. ಥೂ, ಹಾಳು ಮನಸ್ಸು!

"ಎದ್ದು ಶರ್ಟ್ ಹಾಕ್ಕೋ. ನಮ್ಮಮ್ಮನ ಮುಂದೆ ಬಂದು ಇದನ್ನೇ ಹೇಳ್ತೀಯಾ?"

"ಹೊರಗೆ ದಬ್ಬಿದ್ರೂ ಬಾಗಿಲಲ್ಲಿ ನಿಂತು ಹೇಳ್ತೀನಿ. ನೀನು... ನನ್ನ ಕ್ಷಮಿಸ್ತೀಯಾ?"

"ಇಲ್ಲ."

ಅವನು ಹಾಕಿಕೊಳ್ಳುತ್ತಿದ್ದ ಗುಂಡಿಗಳೆಲ್ಲ ಅದಲುಬದಲಾಗುತ್ತಿದ್ದವು. ಅವಳು ಅವನ ಕೈ ಸರಿಸಿ, ತಾನೇ ಬಿಚ್ಚಿ ಮತ್ತೆ ಸರಿಯಾಗಿ ಹಾಕತೊಡಗಿದಳು. ಕಣ್ಣೀರು ಕೆನ್ನೆಗಿಳಿದರೂ ಒರೆಸಿಕೊಳ್ಳಲಿಲ್ಲ.

"ಮತ್ತೆ ಇದು...?"

"ಕ್ಷಮಿಸಲ್ಲ ಅಂದೆ ಅಷ್ಟೇ. ಪ್ರೀತಿ ಇಲ್ಲ ಅಂದೆನಾ? ನೆಟ್ಟಗೆ ನಿಂತ್ಕೋ."