ಟೀಚರಿಗಾಗಿ ಒಂದು ಸೂಜಿ

"ಕೈ ಬಿಡಿ ಮೇಡಂ, ನಾನು ಹೋಗ್ಬೇಕು."

ಬಿಡುವವರಲ್ಲ ಅವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಟೀಚರು. ಕ್ಲಾಸಿನಿಂದ ಜಾರಿಕೊಳ್ಳುವವರ ತೋಳು ಹಿಡಿದು ಪಳಗಿದ ಕೈ ಅದು. ಇವತ್ತು ಆ ಕೈಗೆ ಸಿಕ್ಕಿಬಿದ್ದದ್ದು ಆಸ್ಪತ್ರೆಯ ಲಸಿಕೆ ಕೋಣೆಯಿಂದ ಓಡಿಹೋಗುತ್ತಿದ್ದ ಎಪ್ಪತ್ತರ ಆಸುಪಾಸಿನ ಗಂಡಸು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು!

ಟೀಚರು ಆಗತಾನೇ ಫ್ಲೂ ಲಸಿಕೆ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಅಷ್ಟರಲ್ಲಿ ಈತ ಮಡಿಸಿದ ಅಂಗಿತೋಳನ್ನು ಇಳಿಸಿಕೊಳ್ಳುತ್ತಾ ಹೊರಗೆ ನುಗ್ಗಿದ್ದರು. ಹಿಂದೆಯೇ ನರ್ಸ್ ಕೂಗುವುದು ಕೇಳಿಸುತ್ತಿತ್ತು.

"ಇರುವೆ ಕಚ್ಚಿದಷ್ಟು ನೋಯುತ್ತೆ, ಅಷ್ಟೇ. ಇಷ್ಟೆತ್ತರ ಇದ್ದೀರಿ, ನಾಚಿಕೆ ಆಗಲ್ವಾ?" ಎಂದರು ಟೀಚರು.

"ಆಗುತ್ತೆ ಮೇಡಂ," ಎಂದರು ಆತ, ನೆಲ ನೋಡುತ್ತಾ. "ಆದ್ರೂ ಹೋಗ್ತೀನಿ."

ಹೋಗಿಯೇಬಿಟ್ಟರು.

ಟೀಚರಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಧೈರ್ಯದ ಬಡಾಯಿ ಕೊಚ್ಚುವ ಗಂಡಸರನ್ನು ಅವರು ಬೇಕಾದಷ್ಟು ನೋಡಿದ್ದರು. ಇಷ್ಟು ಪ್ರಾಮಾಣಿಕವಾಗಿ ಹೆದರುವವರನ್ನು ನೋಡಿರಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಟೀಚರ ಕೋಣೆಯ ಗೋಡೆ ತೇವ ಹಿಡಿದು ಬೂಷ್ಟು ಬಂತು. ಸೊಸೆ ಗಾಬರಿಯಾದಳು. ಗಾಬರಿಗೆ ಕಾರಣವಿತ್ತು. ಕಳೆದ ಚಳಿಗಾಲದಲ್ಲಿ ಬರೀ ಫ್ಲೂ ಜ್ವರ ಅಂದುಕೊಂಡದ್ದು ನ್ಯುಮೋನಿಯಾಕ್ಕೆ ತಿರುಗಿ, ಅತ್ತೆ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆಮೇಲೆ ಅತ್ತೆಗೆ ನ್ಯುಮೋನಿಯಾದ ಲಸಿಕೆಯನ್ನೂ ಹಾಕಿಸಿದ್ದಳು. ಈಗ ಬೂಷ್ಟನ್ನು ಸಹಿಸುತ್ತಾಳೆಯೇ? ಅವತ್ತೇ ಪೇಂಟರಿಗೆ ಫೋನ್ ಮಾಡಿದಳು.

ಬಾಗಿಲು ತೆರೆದ ಟೀಚರು ನಿಂತಲ್ಲೇ ನಿಂತರು. ಅದೇ ಎತ್ತರ... ಕೈಯಲ್ಲಿ ಬ್ರಷ್ಷು, ಮುಖದಲ್ಲಿ ಸಿಕ್ಕಿಬಿದ್ದ ಕಳ್ಳನ ಕಳೆ!

ಸೂಜಿಗೆ ಹೆದರುವ ಈ ಮನುಷ್ಯ ಏಣಿಯ ತುದಿಗೆ ಮಾತ್ರ ಸಲೀಸಾಗಿ ಹತ್ತುತ್ತಿದ್ದರು. ಗೋಡೆ ಕೆರೆದು, ಬಿರುಕು ಮುಚ್ಚಿ, ಉಜ್ಜಿ ನುಣುಪು ಮಾಡಿ ಬಣ್ಣ ಹಚ್ಚಿದರು. ಬೀರುವಿನ ಹಿಂದಿನ ಮೂಲೆಯಲ್ಲೂ ಅಷ್ಟೇ ನಾಜೂಕು. ಯಾರೂ ನೋಡದ ಕಡೆ ಇಷ್ಟೇಕೆ ಕಷ್ಟ ಎಂದು ಟೀಚರು ಕೇಳಿದರೆ, "ನಾನು ನೋಡಿರ್ತೀನಲ್ಲ," ಎಂದರು. ಟೀಚರ ಮನಸ್ಸು ಸೋತದ್ದು ಆ ಮಾತಿಗೇ, ನನ್ನನ್ನು ಕೇಳಿದರೆ.

ಒಂದೇ ತಕರಾರು. ಬಣ್ಣ ಹಚ್ಚಿದ ಕೋಣೆಗೆ ಒಣಗುವ ತನಕ ಯಾರೂ ಕಾಲಿಡುವಂತಿರಲಿಲ್ಲ. ಕೋಣೆಯ ಒಡತಿಗೂ ಪ್ರವೇಶವಿಲ್ಲ! ಟೀಚರ ಕನ್ನಡಕ ಒಳಗೇ ಉಳಿದಾಗಲೂ ಪೇಂಟರೇ ತುದಿಗಾಲಲ್ಲಿ ಹೋಗಿ ತಂದುಕೊಟ್ಟರು.

ಕೆಲಸ ಮುಗಿಯಿತು. ಆದರೂ ಪೇಂಟರು ಸಂಜೆಸಂಜೆ ಗೋಡೆ ನೋಡುವ ನೆಪದಲ್ಲಿ ಬರುತ್ತಿದ್ದರು, ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಟೀ ಆರಿಹೋಗುವಷ್ಟು ಮಾತು. ಬಹುಕಾಲ ಕಾಯಿಲೆಯಿಂದ ನರಳಿ ತೀರಿಹೋದ ಹೆಂಡತಿಯ ಬಗ್ಗೆ ಅವರು ಹೇಳಿದರು, ತೀರಿಹೋದ ಗಂಡನ ಬಗ್ಗೆ ಇವರು ಹೇಳಿದರು. ಸೊಸೆ ಅಡುಗೆಮನೆಯಲ್ಲೇ ಮುಸಿಮುಸಿ ನಗುತ್ತಿದ್ದಳು. 'ಈ ವಯಸ್ಸಲ್ಲಿ ಇದೆಲ್ಲಾ...' ಎಂದು ಟೀಚರು ತಮ್ಮನ್ನೇ ಗದರಿಕೊಳ್ಳುತ್ತಲೇ ಸಂಜೆಗೆ ಒಳ್ಳೆಯ ಸೀರೆ ಉಡುತ್ತಿದ್ದರು.

ಇದ್ದಕ್ಕಿದ್ದಂತೆ ಪೇಂಟರು ಬರುವುದು ನಿಂತಿತು.

ಫೋನ್ ಮಾಡಿದರೆ, ಸ್ವಲ್ಪ ದಿನ ಬರಲಾಗುವುದಿಲ್ಲ ಟೀಚರ್ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಸಂಜೆಗಳು ಬಂದವು, ಹೋದವು. ಟೀಚರಿಗೆ ಊಟ ಸೇರಲಿಲ್ಲ. ಕೊನೆಗೆ ಸೊಸೆ ತಡವರಿಸುತ್ತಾ ಒಪ್ಪಿಕೊಂಡಳು. ಮೆಟ್ಟಿಲು ಹತ್ತಿದರೆ ಟೀಚರಿಗೆ ಏದುಸಿರು ಯಾಕೆ ಎಂದು ಪೇಂಟರು ಅವಳನ್ನು ಕೇಳಿದ್ದರಂತೆ. ಅವಳು ಆಸ್ಪತ್ರೆಯ ಕಥೆಯೆಲ್ಲ ಹೇಳಿ, ಇನ್ನೊಬ್ಬರಿಂದ ಫ್ಲೂ ಅಂಟಿದರೆ ಮತ್ತೆ ಎದೆಗೆ ಇಳಿಯಬಹುದೆಂಬ ಭಯ ಇದೆ ಎಂದಿದ್ದಳು. ಪೇಂಟರ ಮುಖ ಬಿಳಿಚಿಕೊಂಡಿತ್ತಂತೆ.

'ಓ... ಹಾಗಾದರೆ ಇದೇ ವಿಷಯ.'

ಟೀಚರ ಎದೆ ಭಾರವಾಯಿತು. ಹೆಂಡತಿಯ ಕಾಯಿಲೆ ನೋಡಿ ನೋಡಿ ಬಳಲಿದ ಮನುಷ್ಯ. ಇನ್ನೊಬ್ಬ ರೋಗಿಯ ಸಹವಾಸ ಯಾಕೆ ಬೇಕು ಅವರಿಗೆ? ಸರಿಯೇ. ಆದರೆ ಅದನ್ನು ಮುಖ ಕೊಟ್ಟು ಹೇಳಬಾರದಿತ್ತೇ? ಅತ್ತು ಅತ್ತು ಸಾಕಾಗಿ, ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಪೇಂಟರು ತಮ್ಮ ಮನೆಯ ಜಗಲಿಯಲ್ಲಿ ಬ್ರಷ್ಷು ತೊಳೆಯುತ್ತಿದ್ದರು. ಟೀಚರನ್ನು ಕಂಡವರೇ ಧಡಕ್ಕನೆ ಎದ್ದು, ಹೆಗಲ ಮೇಲಿದ್ದ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಗೋಡೆಯವರೆಗೂ ಹಿಂದೆ ಸರಿದರು.

"ಅಲ್ಲೇ ನಿಲ್ಲಿ ಟೀಚರ್. ಹತ್ರ ಬರಬೇಡಿ."

"ನಾನು ರೋಗಿ ಅಂತ ತಾನೇ?" ಟೀಚರು ಕೇಳಿದರು. "ನೇರವಾಗಿ ಹೇಳಿ. ತಡ್ಕೊಳ್ತೀನಿ."

ಪೇಂಟರು ಕಣ್ಣು ಕಣ್ಣು ಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು:

"ಹಾಕಿಸ್ಕೊಂಡೆ, ಟೀಚರ್. ಎರಡೂ."

ನಿಜವಾಗಿಯೂ ಹಾಕಿಸಿಕೊಂಡಿದ್ದರು! ಸೊಸೆಯ ಮಾತು ಕೇಳಿದ ಮರುದಿನವೇ, ಯಾರನ್ನೂ ಜೊತೆಗೆ ಕರೆಯದೆ ಹೋಗಿ, ಒಂದು ತೋಳಿಗೆ ಫ್ಲೂ ಲಸಿಕೆ, ಇನ್ನೊಂದು ತೋಳಿಗೆ ನ್ಯುಮೋನಿಯಾದ ಲಸಿಕೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬೆವರಿನಲ್ಲಿ ಅಂಗಿ ಒದ್ದೆಯಾದರೂ ಕುರ್ಚಿಯಿಂದ ಏಳಲಿಲ್ಲವಂತೆ. ಹೆದರಿಕೆಯೇ ಇಲ್ಲದವನು ಸೂಜಿ ಹಾಕಿಸಿಕೊಂಡರೆ ಅದರಲ್ಲೇನು ಹೆಚ್ಚುಗಾರಿಕೆ? ಇವರದ್ದು ಧೈರ್ಯ.

ಲಸಿಕೆಗೆ ಬಲ ಬರಲು ಎರಡು ವಾರದಷ್ಟು ಬೇಕೆಂದು ನರ್ಸ್ ಹೇಳಿದ್ದರು. ಅಷ್ಟು ಸಾಕಾಗಿತ್ತು ಈ ಪೇಂಟರಿಗೆ.

"ಇನ್ನೂ ಒಣಗಿಲ್ಲ, ಟೀಚರ್," ಎಂದರು ಟವೆಲ್ಲಿನೊಳಗಿಂದಲೇ. "ಒಣಗೋ ತನಕ ನಿಮ್ಮ ಹತ್ರ ಸುಳೀಬಾರದು ಅಂತ..."

ಟೀಚರಿಗೆ ನಗುವೂ ಬಂತು, ಅಳುವೂ ಬಂತು. ದೂರ ಇರಿ ಎಂದು ನರ್ಸ್ ಹೇಳಿದರೇ ಎಂದು ಕೇಳಿದರು. ಇಲ್ಲವಂತೆ, ತಾವೇ ಅಂದುಕೊಂಡರಂತೆ. ಫೋನಿನಲ್ಲಾದರೂ ಹೇಳಬಾರದಿತ್ತೇ ಎಂದರೆ, ಹೇಳಿದ್ದರೆ ನೀವು ಓಡಿ ಬಂದುಬಿಡುತ್ತಿದ್ದಿರಿ ಎಂದರು. ಅದು ಮಾತ್ರ ನಿಜ.

"ಸೂಜಿ ಕಂಡ್ರೆ ಈಗಲೂ ಹೆದರ್ತೀನಿ," ಪೇಂಟರ ಕಣ್ಣು ತುಂಬಿಕೊಂಡಿತು. "ಆದ್ರೆ ನನ್ನಿಂದ ನಿಮಗೆ ಕಾಯಿಲೆ ಬಂದ್ರೆ... ನಾನು ಉಳಿಯಲ್ಲ, ಟೀಚರ್. ನೀವು ನನಗೆ ಅಷ್ಟು ಬೇಕು."

ಟೀಚರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ಲಸಿಕೆ ಹಾಕಿಸಿಕೊಂಡರೂ ಫ್ಲೂ ಬರಬಹುದು, ಆದರೆ ಪೆಟ್ಟು ಕಡಿಮೆ ಎಂದು ಪಾಠ ಹೇಳುವವರಂತೆ ವಿವರಿಸಿದರು. ಎಷ್ಟಾದರೂ ಟೀಚರಲ್ಲವೇ!

"ನೆಗಡಿ, ಜ್ವರ ಇದ್ದಾಗ ದೂರ ಇರಿ. ಏನೂ ಇಲ್ಲದಾಗ ದೂರ ಇದ್ರೆ ನನಗೆ ತಡ್ಕೊಳ್ಳೋಕಾಗಲ್ಲ. ನೀವೂ ನನಗೆ ಬೇಕು."

ಟವೆಲ್ ಮೆಲ್ಲಗೆ ಕೆಳಗಿಳಿಯಿತು. ಪೇಂಟರ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದಿದ್ದ ನಗು ಇತ್ತು.

"ಹೋಗಲಿ, ಸೂಜಿ ಕಾಟ ಇಲ್ಲಿಗೆ ಮುಗೀತಲ್ಲ," ಎಂದರು.

"ನ್ಯುಮೋನಿಯಾದ್ದು ಡಾಕ್ಟ್ರು ಹೇಳಿದಾಗ ಸಾಕು. ಫ್ಲೂದು ಮಾತ್ರ ಪ್ರತಿ ವರ್ಷ."

ನಗು ಅಲ್ಲೇ ನಿಂತಿತು. "ಪ್ರತಿ ವರ್ಷಾನಾ?"

"ಪ್ರತಿ ವರ್ಷ."

ಪೇಂಟರು ಟವೆಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಟೀಚರ ಮುಖವನ್ನೇ ನೋಡುತ್ತಾ ಕೇಳಿದರು:

"ಜೊತೆಗೆ ಬರ್ತೀರಾ?"

"ಎಷ್ಟು ವರ್ಷ?"

"ಇರೋ ಅಷ್ಟೂ ವರ್ಷ."

"ಬರ್ತೀನಿ," ಎಂದರು ಟೀಚರು.