ಅರೆಕೆರೆಗೆ ಬಂದ ರೆಡ್ ನೋಟಿಸ್

ಅಂಜನಮ್ಮ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಾಗ ಗೇಟು ಬಡಿದ ಸದ್ದಾಯಿತು. ಮಾಸ್ಕ್ ಹಾಕಿದ್ದವನೊಬ್ಬ ‘ಪೊಲೀಸ್’ ಎಂದು ಹೇಳಿ, ಮಹಡಿಯ ಬಾಡಿಗೆದಾರ ಯೋನಾಸ್‌ನ ಫೋಟೋ ಇದ್ದ ಇಂಟರ್‌ಪೋಲ್ ರೆಡ್ ನೋಟಿಸ್ ತೋರಿಸಿದ.

“ಇವನನ್ನ ಕಳಿಸಿ. ಕಾರು ನಿಂತಿದೆ.”

“ಯಾವ ಸ್ಟೇಷನ್ನಪ್ಪ ನೀನು?”

“ಅದೆಲ್ಲ ನಿಮಗ್ಯಾಕಜ್ಜಿ?”

“ಮನೆ ನಂದು. ಕೇಳ್ತೀನಿ.”

ಅಂಜನಮ್ಮ ಕಾಗದ ಕಿತ್ತುಕೊಂಡು ಗೇಟಿಗೆ ಬೀಗ ಹಾಕಿದರು. ಅವನು ಪರಾರಿಯಾದ.

ಜನವರಿ 9, ಬೆಳಗ್ಗೆ 10.40. ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರ್ ರೇಖಾ ಅಂಜನಮ್ಮನ ದೂರಿನ ಮೇಲೆ ಎಫ್‌ಐಆರ್ ದಾಖಲಿಸಿದರು: ಪೊಲೀಸರ ಸೋಗು, ಅಪಹರಣ ಯತ್ನ. ಯೋನಾಸ್ ತನ್ನ ದೇಶದ ಸರ್ಕಾರದ ವಿರುದ್ಧ ಬರೆದು ಓಡಿಬಂದ ಪತ್ರಕರ್ತ. ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಇತ್ತು. ಆ ಸರ್ಕಾರ ಅವನ ಮೇಲೆ ಸುಳ್ಳು ಕಳ್ಳತನದ ಕೇಸು ಹಾಕಿ ಇಂಟರ್‌ಪೋಲ್ ಮೂಲಕ ನೋಟಿಸ್ ಹೊರಡಿಸಿತ್ತು.

“ನೋಟಿಸ್ ನಂಬರ್ ನಿಜಾನೇ ಮೇಡಂ,” ಎಂದ ಕಾನ್‌ಸ್ಟೆಬಲ್ ಭೀಮೇಶ್. “ಕಳಿಸಿಬಿಟ್ರೆ ತಲೆನೋವು ಹೋಗುತ್ತೆ.”

“ಅವನ ತಲೆನೇ ಹೋಗುತ್ತೆ. ನೋಟಿಸ್ ಅಂದ್ರೆ ವಾರಂಟ್ ಅಲ್ಲ, ಹುಡುಕಿ ಅನ್ನೋ ಕೋರಿಕೆ ಅಷ್ಟೇ.”

ಅಂಜನಮ್ಮ ಫೋಟೋ ಮೇಲೆ ಬೆರಳಿಟ್ಟರು. “ಈ ಕೋಟು ನಮ್ಮ ಯಜಮಾನರದ್ದು. ಬಾಡಿಗೆದಾರರ ಫಾರಂಗೆ ಅಂತ ನಮ್ಮನೇಲೇ ತೆಗೆದ ಫೋಟೋ. ಕೊಟ್ಟಿದ್ದು ನಿಮ್ಮ ಸ್ಟೇಷನ್ನಿಗೆ.”

ಭೀಮೇಶ್ ಬಾಗಿಲು ಮುಚ್ಚಿದ. “ಫೋಟೋ ಕೊಟ್ಟಿದ್ದು ನಮ್ಮವರೇ ಅಂದ್ರೆ ಮರ್ಯಾದೆ ಹೋಗುತ್ತೆ ಮೇಡಂ.”

“ಹೋಗ್ಲಿ. ಫೈಲ್ ತಗೊಂಡ್ಬಾ.”

ಫಾರಂ ಮೇಲೆ ಉದ್ದಕ್ಕೂ ಒಂದು ಕರಿಗೆರೆ ಎದ್ದಿತ್ತು. ನೋಟಿಸಿನ ಮೇಲೂ ಅದೇ ಜಾಗದಲ್ಲಿ ಅದೇ ಗೆರೆ. ಎರಡೂ ಒಂದೇ ಪ್ರಿಂಟರಿನಲ್ಲಿ ಅಚ್ಚಾದವು.

“ಫಾರಂ ಎಲ್ಲಿ ತುಂಬಿಸಿದ್ರಿ?”

“ನಿಮ್ಮೆದುರಿನ ಜೆರಾಕ್ಸ್ ಅಂಗಡೀಲಿ. ಎಲ್ಲರೂ ಅಲ್ಲೇ ತಾನೇ? ಮೊಮ್ಮಗಳು ಫೋಟೋ ತಗೊಂಡು ಹೋಗಿದ್ಳು.”

ಸಂಜೆ 4ಕ್ಕೆ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಪ್ರಿಂಟರ್, ಕಂಪ್ಯೂಟರಿನಲ್ಲಿದ್ದ ಫೋಟೋ, ಕಾರಿನಲ್ಲಿದ್ದ ಬೇಡಿ ಜಪ್ತಿಯಾದವು. ಮಾಸ್ಕ್ ಹಾಕಿ ಬಂದಿದ್ದವನು ಅಂಗಡಿಯ ಭಾರ್ಗವನೇ; ಅವನನ್ನು ಬಂಧಿಸಲಾಯಿತು.

“ಯಾರು ಕಳಿಸಿದ್ದು?”

“ಯಾರೂ ಇಲ್ಲ. ನೆಟ್‌ನಲ್ಲಿ ನೋಟಿಸ್ ನೋಡಿ ಗುರುತು ಹಿಡಿದೆ. ಅಜ್ಜಿಗೆ ಗುರುತು ಸಿಗಲಿ ಅಂತ ಅದರಲ್ಲಿದ್ದ ಹಳೇ ಫೋಟೋ ಬದಲು ಫಾರಂ ಫೋಟೋ ಹಾಕಿದೆ. ಆ ದೇಶದವರಿಗೆ ಮೇಲ್ ಮಾಡಿದೆ. ಹಿಡಿದು ಕೊಡಿ ಅಂದ್ರು.”

“ಎಷ್ಟು ಕೊಡ್ತೀವಂದ್ರು?”

“ದುಡ್ಡು ಕೇಳಲಿಲ್ಲ ಮೇಡಂ.”

ಅವನು ಮೂರು ಸಲ ಪಿಎಸ್‌ಐ ಪರೀಕ್ಷೆ ಬರೆದು ಫೇಲಾಗಿದ್ದ. ಆ ದೇಶದವರು ಕಳಿಸಿದ ಉತ್ತರದ ಮೇಲ್‌ನಲ್ಲಿ ಅವನನ್ನು ‘ಆಫೀಸರ್’ ಎಂದು ಕರೆದಿದ್ದರು.

“ನೋಟಿಸ್ ಇರೋವರೆಗೂ ಇನ್ನೊಬ್ಬ ಬರ್ತಾನೆ,” ಎಂದರು ರೇಖಾ.

ಯೋನಾಸ್ ಅಂಜನಮ್ಮನ ಜೊತೆ ಸ್ಟೇಷನ್ನಿಗೆ ಒಂದು ಲಕೋಟೆ ತಂದ. ನೋಟಿಸ್ ರದ್ದುಮಾಡಿ ಎಂದು ಇಂಟರ್‌ಪೋಲ್‌ಗೆ ಬರೆದ ಅರ್ಜಿ. ಬರೆದು ಎರಡು ವರ್ಷವಾಗಿತ್ತು. ತಾನಿರುವ ಜಾಗ ತಿಳಿದೀತೆಂಬ ಭಯಕ್ಕೆ ತನ್ನ ವಿಳಾಸದ ಜಾಗ ಖಾಲಿ ಬಿಟ್ಟು, ಕಳಿಸದೇ ಇಟ್ಟುಕೊಂಡಿದ್ದ.

“ಹೆಂಗೂ ಗೊತ್ತಾಯ್ತಲ್ಲ. ನಮ್ಮನೆ ಅಡ್ರೆಸ್ಸೇ ಬರಿ,” ಎಂದರು ಅಂಜನಮ್ಮ. “ನನ್ನ ಹೆಸರೂ ಹಾಕು, ದಪ್ಪಕ್ಷರದಲ್ಲಿ. ಯಾವ ಸರ್ಕಾರ ಬೇಕಾದ್ರೂ ಓದ್ಕೊಳ್ಳಲಿ.”

ರೇಖಾ ಎಫ್‌ಐಆರ್ ಪ್ರತಿ ಲಗತ್ತಿಸಿದರು. ಜನವರಿ 10, ಬೆಳಗ್ಗೆ 11.15ಕ್ಕೆ ಯೋನಾಸ್ ಲಕೋಟೆಯನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಟ್ಟ.