ಪ್ರೊಫೈಲಿನಲ್ಲಿ ಅವಳಿನ್ನೂ ವಿವಾಹಿತೆ

"ಇದರಲ್ಲಿ ಚೆನ್ನಾಗಿ ಕಾಣುತ್ತಾ... ಅದರಲ್ಲಾ?"

ಕನ್ನಡಕದಂಗಡಿಯ ಕತ್ತಲು ಕೋಣೆಯಲ್ಲಿ ಗಾಜು ಬದಲಾಯಿಸುತ್ತ ಅವಳು ಕೇಳಿದಳು. ಎದುರಿಗೆ ಕೂತಿದ್ದ ಬಸ್ ಡ್ರೈವರ್ ಮತ್ತೆ ಮತ್ತೆ "ಇನ್ನೊಂದ್ಸಲ ತೋರಿಸಿ" ಎನ್ನುತ್ತಿದ್ದ. ಅವನ ನೋಟ ಗೋಡೆಯ ಅಕ್ಷರಗಳ ಮೇಲಿರಲಿಲ್ಲ. ಅದು ಗೊತ್ತಾಗಿಯೂ ಅವಳು ಮತ್ತೆ ಅದೇ ಗಾಜನ್ನು ಹಾಕಿದಳು.

ಗಂಡ ತೀರಿಕೊಂಡ ಮೇಲೆ ಇಷ್ಟು ಹತ್ತಿರದಲ್ಲಿ ಒಬ್ಬ ಗಂಡಸಿನ ಉಸಿರನ್ನು ಅವಳು ಗಮನಿಸಿರಲಿಲ್ಲ.

ಆಮೇಲೆ ಅವನು ವಾರ ವಾರವೂ ಬರತೊಡಗಿದ. ಮೂಗಿನ ಮೇಲೆ ಜಾರುತ್ತದೆ ಎಂದು ಒಮ್ಮೆ, ಕಿವಿಯ ಹಿಂದೆ ಒತ್ತುತ್ತದೆ ಎಂದು ಇನ್ನೊಮ್ಮೆ. ಕನ್ನಡಕದ್ದೇನೂ ತಪ್ಪಿರಲಿಲ್ಲ ಬಿಡಿ! ಅವಳೂ ನೆಟ್ಟಗಿದ್ದ ಕಡ್ಡಿಯನ್ನೇ ಮತ್ತೆ ನೆಟ್ಟಗೆ ಮಾಡಿ ಕೊಡುತ್ತಿದ್ದಳು. ಮನೆಗೆ ಹೋಗಿ ಅತ್ತೆಯ ಮುಂದೆ ಅದನ್ನೆಲ್ಲ ಹೇಳಿ ನಗುತ್ತಿದ್ದಳು.

ಒಂದು ದಿನ ಅವನು ಒಳಗೆ ಬರದೆ ಬಾಗಿಲಲ್ಲೇ ನಿಂತ.

"ನಿನ್ನೆ ಫೋನಲ್ಲಿ ನಿಮ್ಮ ಪ್ರೊಫೈಲ್ ನೋಡ್ದೆ. ಮದುವೆ ಆಗಿದೆ ಅಂತ ಗೊತ್ತಿರಲಿಲ್ಲ. ಇನ್ಮೇಲೆ ತೊಂದರೆ ಕೊಡಲ್ಲ."

ಹೋಗಿಯೇಬಿಟ್ಟ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ರಸ್ತೆ ದಾಟಿಯಾಗಿತ್ತು.

ನಿಜ, ಅಲ್ಲಿ 'ವಿವಾಹಿತೆ' ಎಂದೇ ಇತ್ತು. ಅವಳ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದ ಗಂಡನ ಫೋಟೋ ಇತ್ತು. ಗಂಡ ಹೋದ ಮೇಲೆ ಆಸ್ಪತ್ರೆ, ಬ್ಯಾಂಕು ಎಂದು ಎಲ್ಲ ಕಡೆ ಅವಳೇ ಓಡಾಡಿ ಸಹಿ ಹಾಕಿದ್ದಳು. ಇದೊಂದಕ್ಕೆ ಮಾತ್ರ ಕೈ ಬಂದಿರಲಿಲ್ಲ. ಬದಲಾಯಿಸಬೇಕೆಂದರೆ 'ವಿಧವೆ' ಎಂಬುದನ್ನು ಅವಳ ಬೆರಳೇ ಒತ್ತಬೇಕಿತ್ತು... ಸುಳ್ಳು ಹೇಳಬೇಕೆಂದು ಅವಳು ಏನನ್ನೂ ಬರೆದಿರಲಿಲ್ಲ. ಬರೆದದ್ದು ತಾನಾಗಿ ಸುಳ್ಳಾಗಿ ಹೋಗಿತ್ತು.

ಕೆಲವು ದಿನ ಕಳೆದು, ಊಟದ ಹೊತ್ತಿಗೆ ಅತ್ತೆಯೇ ಡ್ರೈವರನ ಸುದ್ದಿ ತೆಗೆದರು. ಅವಳು ನಡೆದದ್ದನ್ನು ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಅತ್ತೆ ಎದ್ದು ಬಂದು ಅವಳ ತಲೆ ಸವರಿದರು.

"ನನ್ನ ಮಗ ಇಲ್ಲ ಅನ್ನೋದನ್ನ ಹೆತ್ತವಳು ನಾನೇ ನುಂಗಿಕೊಂಡಿದೀನಿ ಮಗಳೇ. ಫೋಟೋ ಇದ್ರೆ ಇರ್ಲಿ. ಆ ಮನುಷ್ಯನಿಗೆ ನಿಜ ಹೇಳು, ಹೋಗು."

ಮರುದಿನ ಮಧ್ಯಾಹ್ನ ಅವಳು ಡಿಪೋಗೆ ಹೋದಾಗ ಅವನು ಬಸ್ಸಿನ ಮುಂದಿನ ಗಾಜು ಒರೆಸುತ್ತಿದ್ದ.

"ಅವರು ತೀರಿಕೊಂಡು ಎರಡು ವರ್ಷ ಆಯ್ತು," ಎಂದಳು.

ಅವನ ಕೈ ನಿಂತಿತು. ಕೇಳದೆ ಹೊರಟುಹೋದದ್ದು ತನ್ನದೇ ತಪ್ಪು ಎಂದು ಅವನು ತಡವರಿಸಿದ. ಅವಳು ಅಲ್ಲವೆಂದು ತಲೆಯಾಡಿಸಿದಳು.

"ನೀವು ಬರೋಕೆ ಶುರು ಮಾಡಿದ್ಮೇಲೆ ಒಂದಿನ ಅದನ್ನ ಬದಲಾಯಿಸೋಕೆ ಕೂತೆ. ಅವರನ್ನ ನಾನೇ ಮನೆಯಿಂದ ಕಳಿಸ್ತಾ ಇದೀನಿ ಅನ್ನಿಸ್ತು... ನಿಮಗೋಸ್ಕರ. ಆವತ್ತು ತುಂಬಾ ಅತ್ತುಬಿಟ್ಟೆ."

ಅವನು ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟ. ಅವನ ಕಣ್ಣೂ ತುಂಬಿತ್ತು.

"ನೀವು ಬರದೇ ಇದ್ರೆ ನಂಗೆ ಕಷ್ಟ ಆಗುತ್ತೆ," ಎಂದಳು ಅವಳು, ಸೋತ ದನಿಯಲ್ಲಿ. "ಆದ್ರೆ ಆ ಫೋಟೋ ತೆಗೆಯೋಕೂ ನನ್ನ ಕೈಲಾಗಲ್ಲ. ಅದನ್ನ ನೋಡಿದ್ರೆ ನಿಮಗೆ ನೋವಾಗಲ್ವಾ?"

ಇಲ್ಲ ಎಂದುಬಿಡುವುದು ಅವನಿಗೆ ಸುಲಭವಿತ್ತು. ಅವನು ಅವಳ ಮುಖವನ್ನೇ ನೋಡಿದ.

"ಆಗುತ್ತೆ," ಎಂದ. "ಆದ್ರೂ ಬರ್ತೀನಿ."